ಅಲ್ಟ್ರಾಸೌಂಡ್ ತೀವ್ರತೆ ಅಳೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ಯಾನಿಂಗ್ ಮೆಷಿನ್ನಿಂದ ಎಷ್ಟು ಶಬ್ದ ಹೊರಗೆ ಬರತ್ತೆ, ಅದನ್ನ ಯಾವುದರಲ್ಲಿ ಅಳೀತಾರೆ, ಸ್ಕ್ರೀನ್ ಮೇಲಿರೋ ನಂಬರ್‌ಗಳು ಎಲ್ಲಿಂದ ಬಂದ್ವು ಅಂತ ಟೆಕ್ನಿಷಿಯನ್ ಕೋರ್ಸ್ ಓದೋರು ಕೇಳ್ತಾರೆ, ಬಯೋಮೆಡಿಕಲ್ ಎಂಜಿನಿಯರ್‌ಗಳು ಕೇಳ್ತಾರೆ, ಫಿಸಿಯೋಥೆರಪಿಸ್ಟ್‌ಗಳು ಕೇಳ್ತಾರೆ, ಸ್ಕ್ಯಾನ್ ಮಾಡಿಸ್ಕೊಂಡು ಬಂದು ಗಾಬರಿ ಆದವರೂ ಕೇಳ್ತಾರೆ. ಎಲ್ಲರ ಪ್ರಶ್ನೆಗಳನ್ನೂ ಒಂದೇ ಕಡೆ ಇಟ್ಟಿದೀನಿ. ಲೆಕ್ಕ ಬೇಡ ಅನ್ನೋರು ಲೆಕ್ಕ ಇರೋ ಉತ್ತರ ಬಿಟ್ಟು ಮುಂದೆ ಹೋಗಬಹುದು.

ತೀವ್ರತೆ ಅಂದ್ರೆ ಏನು? ಪವರ್ ಅಂದ್ರೂ ಅದೇನಾ?

ಅಲ್ಲ. ಪವರ್ ಅಂದ್ರೆ ಪ್ರೋಬ್‌ನಿಂದ (ಮೈಮೇಲೆ ಇಟ್ಟು ಶಬ್ದ ಬಿಡೋ ಭಾಗ) ಒಂದು ಸೆಕೆಂಡಿಗೆ ಹೊರಗೆ ಹೋಗೋ ಒಟ್ಟು ಶಕ್ತಿ, ವ್ಯಾಟ್‌ನಲ್ಲಿ ಹೇಳ್ತೀವಿ. ತೀವ್ರತೆ ಅಂದ್ರೆ ಆ ಪವರ್ ಎಷ್ಟು ಜಾಗದ ಮೇಲೆ ಬೀಳ್ತಿದೆ ಅನ್ನೋದು, ಚದರ ಸೆಂಟಿಮೀಟರಿಗೆ ಇಷ್ಟು ವ್ಯಾಟ್ ಇಲ್ಲಾ ಮಿಲಿವ್ಯಾಟ್ ಅಂತ. 100 ಮಿಲಿವ್ಯಾಟ್ ಪವರ್ 10 ಚದರ ಸೆಂಟಿಮೀಟರ್ ಮೇಲೆ ಹರಡಿದ್ರೆ ಚದರ ಸೆಂಟಿಮೀಟರಿಗೆ 10 ಮಿಲಿವ್ಯಾಟ್, ಅದೇ ಪವರನ್ನ ಫೋಕಸ್ ಮಾಡಿ 0.1 ಚದರ ಸೆಂಟಿಮೀಟರಿಗೆ ಇಳಿಸಿದ್ರೆ 1000 ಮಿಲಿವ್ಯಾಟ್. ಹೊರಗೆ ಬಂದ ಶಕ್ತಿ ಎರಡರಲ್ಲೂ ಒಂದೇ, ಆ ಜಾಗದಲ್ಲಿರೋ ಅಂಗಾಂಶಕ್ಕೆ ಮಾತ್ರ ನೂರು ಪಟ್ಟು ವ್ಯತ್ಯಾಸ. ಅದಕ್ಕೇ "ಈ ಮೆಷಿನ್ ತುಂಬಾ ಕಡಿಮೆ ಪವರ್‌ದು, ಏನೂ ಆಗಲ್ಲ" ಅನ್ನೋ ಮಾತು ಅರ್ಧ ಮಾತು.

ಶಬ್ದ ಅಂದ್ಮೇಲೆ ಡೆಸಿಬಲ್‌ನಲ್ಲಿ ಯಾಕೆ ಹೇಳಲ್ಲ?

ನಮ್ಮ ಕಿವಿಗೆ ಕೇಳೋ ಶಬ್ದದ ಡೆಸಿಬಲ್, ಗಾಳಿಯಲ್ಲಿ 20 ಮೈಕ್ರೋಪ್ಯಾಸ್ಕಲ್ ಒತ್ತಡವನ್ನ ಸೊನ್ನೆ ಅಂತ ಇಟ್ಕೊಂಡು ಅಲ್ಲಿಂದ ಎಣಿಸೋದು. ವೈದ್ಯಕೀಯ ಅಲ್ಟ್ರಾಸೌಂಡ್ ಮೆಗಾಹರ್ಟ್ಸ್ ಲೆಕ್ಕದ್ದು, ಕಿವಿಗೆ ಸಂಬಂಧವೇ ಇಲ್ಲ, ಗಾಳಿಯಲ್ಲಿ ಹೋಗೋದೂ ಇಲ್ಲ ಅಂತಲೇ ಹೇಳಬಹುದು. ಇಲ್ಲಿ ನೇರವಾಗಿ ಮೆಗಾಪ್ಯಾಸ್ಕಲ್, ವ್ಯಾಟ್ ಅಂತ ಹೇಳಿದ್ರೇ ಕೆಲಸ ಆಗತ್ತೆ. ಮೆಷಿನ್ ಮೇಲೆ ಡೆಸಿಬಲ್ ಕಾಣೋದುಂಟು, ಆದ್ರೆ ಅದು ಬರೀ ಹೋಲಿಕೆ: ಔಟ್‌ಪುಟ್ ಮೈನಸ್ 3 ಡೆಸಿಬಲ್ ಅಂದ್ರೆ ತೀವ್ರತೆ ಪೂರ್ತಿ ಸೆಟ್ಟಿಂಗ್‌ನ ಅರ್ಧಕ್ಕೆ ಇಳಿದಿದೆ, ಮೈನಸ್ 6 ಅಂದ್ರೆ ಒತ್ತಡ ಅರ್ಧ, ತೀವ್ರತೆ ಕಾಲು ಭಾಗ.

ಐಎಸ್‌ಪಿಟಿಎ, ಐಎಸ್‌ಪಿಪಿಎ, ಐಎಸ್‌ಎಟಿಎ ಅಂತ ಒಂದೇ ತೀವ್ರತೆಗೆ ಇಷ್ಟೊಂದು ಹೆಸರು ಯಾಕೆ?

ಬಹುಶಃ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ಇದೊಂದು ತಲೆಗೆ ಹೋದ್ರೆ ಉಳಿದದ್ದೆಲ್ಲ ಸುಲಭ.

ತೀವ್ರತೆ ಎಲ್ಲಾ ಕಡೆ ಒಂದೇ ಇರಲ್ಲ, ಬೀಮ್‌ನ (ಪ್ರೋಬ್‌ನಿಂದ ಹೊರಡೋ ಶಬ್ದದ ಕಿರಣ) ನಡುವೆ ಜಾಸ್ತಿ, ಅಂಚಲ್ಲಿ ಕಡಿಮೆ, ಫೋಕಸ್ ಹತ್ರ ಜಾಸ್ತಿ, ದೂರ ಹೋದಂಗೆ ಕಡಿಮೆ. ಎಲ್ಲಾ ಹೊತ್ತಲ್ಲೂ ಒಂದೇ ಇರಲ್ಲ, ಯಾಕಂದ್ರೆ ಸ್ಕ್ಯಾನರ್ ಒಂದು ಮೈಕ್ರೋಸೆಕೆಂಡ್‌ನಷ್ಟು ಹೊತ್ತು ಶಬ್ದ ಬಿಟ್ಟು ಆಮೇಲೆ ನೂರಾರು ಮೈಕ್ರೋಸೆಕೆಂಡ್ ಸುಮ್ನೆ ಕೂತು ಪ್ರತಿಧ್ವನಿ ಕೇಳ್ತಾ ಇರತ್ತೆ. ಹಾಗಾಗಿ ಎರಡು ಪ್ರಶ್ನೆಗೆ ಉತ್ತರ ಕೊಡದೇ ತೀವ್ರತೆಯ ನಂಬರ್ ಹೇಳೋಕಾಗಲ್ಲ: ಯಾವ ಜಾಗದಲ್ಲಿ? ಯಾವ ಹೊತ್ತಿನ ಸರಾಸರಿ?

ಎಸ್‌ಪಿ ಅಂದ್ರೆ ಬೀಮ್‌ನಲ್ಲಿ ಅತಿ ಹೆಚ್ಚು ಇರೋ ಬಿಂದು, ಎಸ್‌ಎ ಅಂದ್ರೆ ಜಾಗದ ಮೇಲಿನ ಸರಾಸರಿ. ಟಿಎ ಅಂದ್ರೆ ಸುಮ್ನೆ ಕೂತ ಹೊತ್ತನ್ನೂ ಸೇರಿಸಿ ಪೂರ್ತಿ ಕಾಲದ ಸರಾಸರಿ, ಪಿಎ ಅಂದ್ರೆ ಪಲ್ಸ್, ಅಂದ್ರೆ ಒಂದ್ಸಲ ಬಿಟ್ಟ ಶಬ್ದದ ತುಣುಕು, ಇರೋ ಅಷ್ಟು ಹೊತ್ತಿನ ಸರಾಸರಿ ಮಾತ್ರ. ಮಳೆ ಲೆಕ್ಕ ಇದ್ದಂಗೆ: ಒಂದು ದಿನದಲ್ಲಿ 24 ಮಿಲಿಮೀಟರ್ ಬಿತ್ತು ಅಂದ್ರೆ ಗಂಟೆಗೆ 1 ಮಿಲಿಮೀಟರ್ ಸರಾಸರಿ, ಆದ್ರೆ ಅಷ್ಟೂ ಮಳೆ ಹತ್ತೇ ನಿಮಿಷದಲ್ಲಿ ಸುರಿದಿದ್ರೆ ಆ ಹತ್ತು ನಿಮಿಷ ಹೊರಗಿದ್ದವನ ಪಾಡು ಬೇರೆನೇ. ಅಂಗಾಂಶ ಬಿಸಿ ಆಗೋದು ಸರಾಸರಿ ಮೇಲೆ ನಿಂತಿದೆ, ಅದಕ್ಕೆ ಐಎಸ್‌ಪಿಟಿಎ ನೋಡ್ತಾರೆ. ಗುಳ್ಳೆಗಳು ಏಳೋದು, ಕುಗ್ಗಿ ಒಡೆಯೋದು, ಆ ಥರದ ಯಾಂತ್ರಿಕ ಪರಿಣಾಮಗಳು ಒಂದೊಂದು ಪಲ್ಸ್‌ನ ಜೋರಿನ ಮೇಲೆ ನಿಂತಿವೆ, ಅದಕ್ಕೆ ಐಎಸ್‌ಪಿಪಿಎ ಮತ್ತು ಒತ್ತಡದ ಅಳತೆ. ಒಂದೇ ಬೀಮ್‌ನಲ್ಲಿ ಐಎಸ್‌ಪಿಪಿಎ ಚದರ ಸೆಂಟಿಮೀಟರಿಗೆ 76 ವ್ಯಾಟ್ ಇದ್ದು, ಐಎಸ್‌ಪಿಟಿಎ 0.3 ವ್ಯಾಟ್ ಇರೋದು ಮಾಮೂಲಿ. ಯಾರಾದ್ರೂ ಬರೀ "ತೀವ್ರತೆ ಇಷ್ಟು" ಅಂದ್ರೆ ಯಾವ ತೀವ್ರತೆ ಅಂತ ವಾಪಸ್ ಕೇಳಿ, ಹೇಳಲಿಲ್ಲ ಅಂದ್ರೆ ಆ ನಂಬರಿನಿಂದ ಏನೂ ಉಪಯೋಗ ಇಲ್ಲ.

ಅಳೆಯೋಕೆ ಬಳಸೋ ಸಾಧನ ಯಾವುದು?

ಮುಖ್ಯವಾಗಿ ಎರಡು. ಒಂದೊಂದು ಬಿಂದುವಿನಲ್ಲಿ ಒತ್ತಡ ಅಳೆಯೋಕೆ ಹೈಡ್ರೋಫೋನ್, ಒಟ್ಟು ಪವರ್ ಅಳೆಯೋಕೆ ರೇಡಿಯೇಷನ್ ಫೋರ್ಸ್ ಬ್ಯಾಲೆನ್ಸ್ ಅನ್ನೋ ಒಂದು ಥರದ ತಕ್ಕಡಿ.

ಹೈಡ್ರೋಫೋನ್ ಅಂದ್ರೆ ನೀರೊಳಗೆ ಕೆಲಸ ಮಾಡೋ ಪುಟಾಣಿ ಮೈಕ್. ಒಳಗಿರೋದು ಸಾಮಾನ್ಯವಾಗಿ ಪಿವಿಡಿಎಫ್ ಅನ್ನೋ ಪ್ಲಾಸ್ಟಿಕ್ ಹಾಳೆ, ಒತ್ತಿದ್ರೆ ವೋಲ್ಟೇಜ್ ಕೊಡತ್ತೆ, ಆ ಗುಣವನ್ನ 1969ರಲ್ಲಿ ಜಪಾನಿನ ಕವಾಯ್ ವರದಿ ಮಾಡಿದ್ರು. ಒಂದು ಬಳೆಯಂಥ ಚೌಕಟ್ಟಿಗೆ ತೆಳು ಹಾಳೆ ಬಿಗಿದು ನಡುವೆ ಮಾತ್ರ ಒಂದು ಚಿಕ್ಕ ಚುಕ್ಕೆಯಷ್ಟು ಜಾಗ ಸ್ಪಂದಿಸೋ ಹಂಗೆ ಮಾಡಿದ್ರೆ ಅದು ಮೆಂಬ್ರೇನ್ ಹೈಡ್ರೋಫೋನ್, ಸೂಜಿ ತುದಿಯಲ್ಲಿ ಕೂರಿಸಿದ್ರೆ ನೀಡಲ್ ಹೈಡ್ರೋಫೋನ್. ಮೆಂಬ್ರೇನ್‌ದು ಬೇರೆಬೇರೆ ಫ್ರೀಕ್ವೆನ್ಸಿಗೆ ಹೆಚ್ಚುಕಡಿಮೆ ಒಂದೇ ಥರ ಸ್ಪಂದಿಸತ್ತೆ, ಅದೇ ಅದರ ದೊಡ್ಡ ಗುಣ. ನೀಡಲ್ ಅಗ್ಗ, ಇಕ್ಕಟ್ಟಿನ ಜಾಗಕ್ಕೂ ಹೋಗತ್ತೆ, ಆದ್ರೆ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಏರಿಳಿತ ಜಾಸ್ತಿ. ಹೈಫು (ಶಬ್ದ ಫೋಕಸ್ ಮಾಡಿ ಅಂಗಾಂಶ ಸುಡೋ ಚಿಕಿತ್ಸೆ) ಥರದ ಭಾರಿ ತೀವ್ರತೆಯಲ್ಲಿ ಇವೆರಡೂ ಹಾಳಾಗೋ ಸಾಧ್ಯತೆ ಇರೋದ್ರಿಂದ ಅಲ್ಲಿ ಫೈಬರ್ ಆಪ್ಟಿಕ್ ಹೈಡ್ರೋಫೋನ್ ಬಳಸ್ತಾರೆ.

ನೀರಲ್ಲೇ ಯಾಕೆ ಅಳೀತಾರೆ? ಯಾವ ನೀರಾದ್ರೂ ಆಗತ್ತಾ?

ದೇಹದೊಳಗೆ ಹೈಡ್ರೋಫೋನ್ ಇಡೋಕಾಗಲ್ಲ ಅನ್ನೋದು ಮೊದಲ ಕಾರಣ. ನೀರು ಎಲ್ಲಾ ಲ್ಯಾಬ್‌ನಲ್ಲೂ ಒಂದೇ ಥರ ಸಿಗತ್ತೆ, ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 1482 ಮೀಟರ್ ಅಂತ ಪಕ್ಕಾ ಗೊತ್ತಿದೆ, ಅಂಗಾಂಶದ 1540ಕ್ಕೆ ತೀರಾ ದೂರವೂ ಇಲ್ಲ.

ನಲ್ಲಿ ನೀರು ಹಿಡಿದು ಹಂಗೇ ಸುರಿದ್ರೆ ಆಗಲ್ಲ. ಅದರಲ್ಲಿ ಕರಗಿರೋ ಗಾಳಿ ಗುಳ್ಳೆಗಳಾಗಿ ಪ್ರೋಬ್ ಮುಖಕ್ಕೂ ಹೈಡ್ರೋಫೋನ್‌ಗೂ ಅಂಟಿಕೊಳ್ಳತ್ತೆ, ಒಂದು ಸಣ್ಣ ಗುಳ್ಳೆ ಇದ್ರೂ ಶಬ್ದ ಅಲ್ಲೇ ಚದುರಿ ಹೋಗತ್ತೆ, ನಿಮ್ಮ ಅಳತೆ ಕಡಿಮೆ ಬರತ್ತೆ. ಗಾಳಿ ತೆಗೆದ ಶುದ್ಧ ನೀರು ಬೇಕು, ಕುದಿಸಿ ಮುಚ್ಚಿಟ್ಟು ತಣ್ಣಗೆ ಮಾಡಿದ್ದೋ ವ್ಯಾಕ್ಯೂಮ್‌ನಲ್ಲಿ ಗಾಳಿ ಎಳೆದಿದ್ದೋ ಆಗಬಹುದು, ತಂದು ಸುರಿಯೋವಾಗ ಎತ್ತರದಿಂದ ಸುರಿದ್ರೆ ಮತ್ತೆ ಗಾಳಿ ಸೇರಿ ಮಾಡಿದ ಕೆಲಸ ಎಲ್ಲಾ ಹಾಳು. ಪ್ರೋಬ್ ಇಳಿಸಿದ ಮೇಲೆ ಟಾರ್ಚ್ ಬಿಟ್ಟು ಅದರ ಮುಖ ಒಂದ್ಸಲ ನೋಡಿ, ಮೆತ್ತನೆ ಬ್ರಷ್‌ನಿಂದ ಸವರಿ ಆಮೇಲೆ ಶುರು ಮಾಡಿ. ನೀರಿನ ಟೆಂಪರೇಚರ್ ಬರೆದಿಟ್ಕೊಳ್ಳಿ, 30 ಡಿಗ್ರಿಗೆ ಹೋದ್ರೆ ವೇಗ 1509ಕ್ಕೆ ಏರಿರತ್ತೆ.

ಹೈಡ್ರೋಫೋನ್ ಅಳತೆ ಒಂದನ್ನ ಲೆಕ್ಕದ ಸಮೇತ ತೋರಿಸ್ತೀರಾ?

ತೋರಿಸ್ತೀನಿ. 3 ಮೆಗಾಹರ್ಟ್ಸ್ ಪ್ರೋಬ್, ಫೋಕಸ್ 5 ಸೆಂಟಿಮೀಟರ್ ಆಳದಲ್ಲಿ, ಒಂದೇ ಗೆರೆ ಮೇಲೆ ಸೆಕೆಂಡಿಗೆ 4000 ಪಲ್ಸ್ ಬಿಡ್ತಿದೆ ಅಂತ ಇಟ್ಕೊಳ್ಳಿ. ಹೈಡ್ರೋಫೋನ್‌ನ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್‌ನಲ್ಲಿ 3 ಮೆಗಾಹರ್ಟ್ಸ್‌ಗೆ ಒಂದು ಮೆಗಾಪ್ಯಾಸ್ಕಲಿಗೆ 50 ಮಿಲಿವೋಲ್ಟ್ ಅಂತ ಇದೆ.

ಪ್ರೋಬ್ ಕ್ಲ್ಯಾಂಪ್‌ನಲ್ಲಿ ಕದಲದಂಗೆ ನಿಂತಿರತ್ತೆ, ಹೈಡ್ರೋಫೋನ್ ಮೂರು ದಿಕ್ಕಿಗೂ ಮಿಲಿಮೀಟರ್‌ನ ಸಣ್ಣ ಸಣ್ಣ ಭಾಗದಷ್ಟು ಸರಿಯೋ ಸ್ಟ್ಯಾಂಡ್ ಮೇಲೆ. ವೋಲ್ಟೇಜಿನ ಏರಿಳಿತ ತೋರಿಸೋ ಆಸಿಲೋಸ್ಕೋಪ್‌ನಲ್ಲಿ ಪಲ್ಸ್ ಎಲ್ಲಿ ಹುಡುಕಬೇಕು? 5 ಸೆಂಟಿಮೀಟರನ್ನ ವೇಗದಿಂದ ಭಾಗಿಸಿದ್ರೆ ಸುಮಾರು 34 ಮೈಕ್ರೋಸೆಕೆಂಡ್, ಪ್ರೋಬ್‌ನಿಂದ ಪಲ್ಸ್ ಹೊರಟ (ಟ್ರಿಗರ್) ಮೇಲೆ ಅಲ್ಲೇ ಕಾಣತ್ತೆ. ಕಂಡ ಮೇಲೆ ಎಡ ಬಲ, ಮೇಲೆ ಕೆಳಗೆ ಸರಿಸ್ತಾ ಸಿಗ್ನಲ್ ಅತಿ ಎತ್ತರ ಆಗೋ ಜಾಗ ಹಿಡೀಬೇಕು, ಆಮೇಲೆ ಹಿಂದೆ ಮುಂದೆ ಸರಿಸಿ ಮತ್ತೆ ಅದನ್ನೇ ಮಾಡಬೇಕು. ತಾಳ್ಮೆ ಬೇಕಾಗೋದು ಇಲ್ಲೇ, ಅರ್ಧ ಮಿಲಿಮೀಟರ್ ಆಚೆ ಈಚೆ ಇದ್ರೂ ನೀವು ಅಳೀತಿರೋದು ಶಿಖರ ಅಲ್ಲ, ಇಳಿಜಾರು.

ಶಿಖರದಲ್ಲಿ 75 ಮಿಲಿವೋಲ್ಟ್ ಬಂತು ಅಂದ್ಕೊಳ್ಳಿ. 75ನ್ನ 50ರಿಂದ ಭಾಗಿಸಿ, 1.5 ಮೆಗಾಪ್ಯಾಸ್ಕಲ್. ತೀವ್ರತೆ ಅಂದ್ರೆ ಒತ್ತಡದ ವರ್ಗವನ್ನ ನೀರಿನ ಸಾಂದ್ರತೆ ಮತ್ತು ವೇಗದ ಗುಣಲಬ್ಧದಿಂದ ಭಾಗಿಸಿದ್ದು, 1 ಮೆಗಾಪ್ಯಾಸ್ಕಲ್‌ಗೆ ಆ ಕ್ಷಣದ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 67.6 ವ್ಯಾಟ್ ಅಂತ ನೆನಪಿಟ್ಕೊಂಡ್ರೆ ಸಾಕು. 1.5ರ ವರ್ಗ 2.25, ಗುಣಿಸಿದ್ರೆ 152 ವ್ಯಾಟ್. ಅಲೆ ಮೇಲೆ ಕೆಳಗೆ ಆಡೋದ್ರಿಂದ ಸರಾಸರಿ ಅದರ ಅರ್ಧ, 76 ವ್ಯಾಟ್. ಪಲ್ಸ್ ಉದ್ದ 1 ಮೈಕ್ರೋಸೆಕೆಂಡ್ ಆದ್ರೆ ಸೆಕೆಂಡಿಗೆ 4000 ಸಲ ಅಂದಾಗ ಒಟ್ಟು ಹೊತ್ತಿನ 0.4 ಪರ್ಸೆಂಟ್ ಮಾತ್ರ ಶಬ್ದ, ಹಾಗಾಗಿ ಐಎಸ್‌ಪಿಟಿಎ ಚದರ ಸೆಂಟಿಮೀಟರಿಗೆ ಸುಮಾರು 304 ಮಿಲಿವ್ಯಾಟ್.

ನಿಜವಾದ ಪಲ್ಸ್ ಇಷ್ಟು ಚಂದ ಇರಲ್ಲ, ಶುರುವಲ್ಲಿ ಸಣ್ಣದು ನಡುವೆ ದೊಡ್ಡದು ಕೊನೆಗೆ ಬಾಲ ಇರತ್ತೆ. ಲ್ಯಾಬ್‌ನಲ್ಲಿ ವೋಲ್ಟೇಜ್ ವರ್ಗವನ್ನ ಪಲ್ಸ್ ಪೂರ್ತಿ ಕೂಡಿಸಿ ಪಲ್ಸ್ ಇಂಟೆನ್ಸಿಟಿ ಇಂಟಿಗ್ರಲ್ ಅಂತ ತೆಗೀತಾರೆ, ಆ ಮೊತ್ತ 10 ಪರ್ಸೆಂಟ್‌ನಿಂದ 90 ಪರ್ಸೆಂಟ್ ತಲುಪೋಕೆ ತಗೊಂಡ ಕಾಲದ 1.25 ಪಟ್ಟನ್ನ ಪಲ್ಸ್‌ನ ಉದ್ದ ಅಂತ ಇಟ್ಕೊಳ್ತಾರೆ. ದಾರಿ ಮಾತ್ರ ಇದೇ.

ನೀರಲ್ಲಿ ಅಳೆದಿದ್ದು ದೇಹಕ್ಕೆ ಹೆಂಗೆ ಅನ್ವಯ ಆಗತ್ತೆ?

ಹಂಗೇ ಅನ್ವಯ ಆಗಲ್ಲ, ಯಾಕಂದ್ರೆ ನೀರು ಶಬ್ದವನ್ನ ಹೆಚ್ಚು ಹೀರಲ್ಲ, ಅಂಗಾಂಶ ಹೀರತ್ತೆ. ಅದಕ್ಕೆ ಡಿರೇಟಿಂಗ್ ಅಂತ ಮಾಡ್ತಾರೆ: ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ 0.3 ಡೆಸಿಬಲ್ ಕಳೀತಾ ಹೋಗೋದು. ಮೇಲಿನ ಉದಾಹರಣೆಗೆ 0.3 ಗುಣಿಸು 3 ಗುಣಿಸು 5, ಅಂದ್ರೆ 4.5 ಡೆಸಿಬಲ್. ತೀವ್ರತೆ 0.355 ಪಟ್ಟಿಗೆ ಇಳಿಯತ್ತೆ, 304 ಇದ್ದದ್ದು 108 ಮಿಲಿವ್ಯಾಟ್ ಆಗತ್ತೆ. ಒತ್ತಡ 1.5ರಿಂದ 0.89 ಮೆಗಾಪ್ಯಾಸ್ಕಲ್‌ಗೆ. ರಿಪೋರ್ಟ್‌ನಲ್ಲಿ ಐಎಸ್‌ಪಿಟಿಎ ಪಕ್ಕದಲ್ಲಿ ಪಾಯಿಂಟ್ 3 ಅಂತ ಕಂಡ್ರೆ ಇದೇ ಅರ್ಥ.

ಮೆತ್ತನೆಯ ಅಂಗಾಂಶದ ನಿಜವಾದ ಹೀರಿಕೆ ಸಾಮಾನ್ಯವಾಗಿ 0.5 ಅಥವಾ ಅದಕ್ಕಿಂತ ಜಾಸ್ತಿ, 0.3 ಅಂತ ಕಡಿಮೆ ಹಿಡಿದಿರೋದು ಬೇಕಂತಲೇ, ಲೆಕ್ಕ ತಪ್ಪಿದ್ರೂ ಸುರಕ್ಷಿತ ಕಡೆಗೇ ತಪ್ಪಲಿ ಅಂತ. ಆದ್ರೆ ತುಂಬಿದ ಮೂತ್ರಕೋಶದ ಮೂಲಕ ನೋಡೋವಾಗ ದಾರಿಯ ಬಹುಪಾಲು ಬರೀ ದ್ರವ, ಅಲ್ಲಿ ಶಬ್ದ ಅಷ್ಟು ಇಳಿಯಲ್ಲ, ಆ ಸಂದರ್ಭದಲ್ಲಿ 0.3 ಕೂಡ ಜಾಸ್ತಿ ಕಳೆದಂಗೆ ಆಗಬಹುದು. ಇದನ್ನ ಪಾಠ ಮಾಡೋವಾಗ ಬಿಟ್ಟುಬಿಡ್ತಾರೆ, ಬಿಡಬಾರದು.

ಹೈಡ್ರೋಫೋನ್ ಎಷ್ಟು ಸಣ್ಣದಿರಬೇಕು?

ಬೀಮ್‌ಗಿಂತ ತುಂಬಾ ಸಣ್ಣದು. 5 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಬರೀ 0.3 ಮಿಲಿಮೀಟರ್, ಫೋಕಸ್‌ನಲ್ಲಿ ಬೀಮ್ ಒಂದು ಮಿಲಿಮೀಟರ್ ಆಸುಪಾಸು ಇರಬಹುದು, ಅಲ್ಲಿಗೆ 1 ಮಿಲಿಮೀಟರ್ ಅಗಲದ ಹೈಡ್ರೋಫೋನ್ ತಗೊಂಡು ಹೋದ್ರೆ ಅದು ಶಿಖರವನ್ನೂ ಸುತ್ತಲಿನ ತಗ್ಗನ್ನೂ ಸೇರಿಸಿ ಸರಾಸರಿ ಹೇಳತ್ತೆ, ಅಂದ್ರೆ ನಿಜಕ್ಕಿಂತ ಕಡಿಮೆ ಹೇಳತ್ತೆ. ಸುರಕ್ಷತೆಯ ಅಳತೆಯಲ್ಲಿ ಕಡಿಮೆ ತೋರಿಸೋ ತಪ್ಪು ಜಾಸ್ತಿ ತೋರಿಸೋದಕ್ಕಿಂತ ಕೆಟ್ಟದ್ದು. 0.2, 0.4 ಮಿಲಿಮೀಟರ್‌ನವು ಚಾಲ್ತಿಯಲ್ಲಿವೆ. ಸಣ್ಣದಾದಷ್ಟೂ ಸಿಗ್ನಲ್ ಕ್ಷೀಣ, ಆ್ಯಂಪ್ಲಿಫೈಯರ್ ಒಳ್ಳೇದಿರಬೇಕು.

ಈ ಅಳತೆ ಎಷ್ಟು ನಂಬಬಹುದು?

ಒತ್ತಡದಲ್ಲಿ 10 ಪರ್ಸೆಂಟ್ ತಪ್ಪಿದ್ರೆ ತೀವ್ರತೆಯಲ್ಲಿ ಸುಮಾರು 20 ಪರ್ಸೆಂಟ್ ತಪ್ಪು, ಯಾಕಂದ್ರೆ ವರ್ಗ ಮಾಡ್ತೀವಲ್ಲ. 304 ಮಿಲಿವ್ಯಾಟ್ ಅಂತ ಮೂರು ಅಂಕಿ ಬರೆದಿರೋದು ಲೆಕ್ಕ ಅರ್ಥ ಆಗಲಿ ಅಂತ, ನಿಜವಾದ ರಿಪೋರ್ಟ್‌ನಲ್ಲಿ ಪಕ್ಕದಲ್ಲೇ ಅನಿಶ್ಚಿತತೆ ಎಷ್ಟು ಅಂತ ಬರೆದಿರಬೇಕು. ಬರೆದಿಲ್ಲ ಅಂದ್ರೆ ಆ ರಿಪೋರ್ಟನ್ನ ನಾನಂತೂ ಒಪ್ಪಲ್ಲ.

ಹೈಡ್ರೋಫೋನ್‌ನ ಕ್ಯಾಲಿಬ್ರೇಷನ್ ಕೊನೆಗೆ ಹೋಗಿ ಸೇರೋದು ಬ್ರಿಟನ್ನಿನ ಎನ್‌ಪಿಎಲ್, ಜರ್ಮನಿಯ ಪಿಟಿಬಿ ಥರದ ರಾಷ್ಟ್ರೀಯ ಅಳತೆ ಸಂಸ್ಥೆಗಳಿಗೆ, ಅಲ್ಲಿ ತೆಳು ಹಾಳೆಯೊಂದು ಶಬ್ದಕ್ಕೆ ಎಷ್ಟು ಅಲುಗಾಡತ್ತೆ ಅಂತ ಲೇಸರ್‌ನಿಂದ ಅಳೆದು ಒತ್ತಡ ಕಂಡುಹಿಡೀತಾರೆ. ಹೈಡ್ರೋಫೋನ್ ಹಳೇದಾದಂಗೆ ಬದಲಾಗತ್ತೆ, ವರ್ಷಕ್ಕೊಮ್ಮೆ ಕಳಿಸೋದು ಒಳ್ಳೇದು.

ಶಬ್ದವನ್ನ ತಕ್ಕಡಿಯಲ್ಲಿ ತೂಗೋದು ಅಂದ್ರೇನು?

ಶಬ್ದ ಏನನ್ನಾದ್ರೂ ತಾಗಿ ಹೀರಲ್ಪಟ್ರೆ ಅದನ್ನ ಮೆಲ್ಲಗೆ ತಳ್ಳತ್ತೆ, ಇದನ್ನ ವಿವರಿಸಿದವರಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಾನ್ ಹೆಸರು ದೊಡ್ಡದು. ತಳ್ಳೋ ಬಲ ಅಂದ್ರೆ ಪವರನ್ನ ವೇಗದಿಂದ ಭಾಗಿಸಿದ್ದು. 1 ವ್ಯಾಟ್‌ಗೆ ಲೆಕ್ಕ ಹಾಕಿದ್ರೆ ಸುಮಾರು 69 ಮಿಲಿಗ್ರಾಂ ತೂಕದಷ್ಟು. ನೀರಿನ ತೊಟ್ಟಿಯಲ್ಲಿ ಶಬ್ದ ಹೀರೋ ರಬ್ಬರ್ ಥರದ ತಟ್ಟೆಯೊಂದನ್ನ ಸೂಕ್ಷ್ಮ ತಕ್ಕಡಿಗೆ ಜೋಡಿಸಿ, ಮೇಲಿಂದ ಪ್ರೋಬ್ ಬಿಟ್ಟು, ಆನ್ ಮಾಡಿದಾಗ ಎಷ್ಟು ಜಾಸ್ತಿ ಆಯ್ತು, ಆಫ್ ಮಾಡಿದಾಗ ಎಷ್ಟು ಇಳೀತು ಅಂತ ನೋಡೋದು. ಈ ವಿಧಾನದ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಐಇಸಿ 61161, ಹೈಡ್ರೋಫೋನ್‌ದು ಐಇಸಿ 62127.

ಸ್ಕ್ಯಾನರ್‌ನ 50 ಮಿಲಿವ್ಯಾಟ್ ಅಂದ್ರೆ ಬರೀ 3.4 ಮಿಲಿಗ್ರಾಂ. ಫ್ಯಾನ್ ಗಾಳಿ, ಬಾಗಿಲು ಹಾಕಿದ ಅದುರು, ನೀರು ಬೆಚ್ಚಗಾಗಿ ಮೇಲೇಳೋದು ಎಲ್ಲವೂ ಅಷ್ಟೇ ತೂಕ ತೋರಿಸಬಲ್ಲವು. ಅದಕ್ಕೆ ಒಂದ್ಸಲ ನೋಡಿ ಬರೆಯೋದಲ್ಲ, ಆನ್ ಆಫ್ ಆನ್ ಆಫ್ ಅಂತ ಹಲವು ಸಲ ಮಾಡಿ ವ್ಯತ್ಯಾಸಗಳ ಸರಾಸರಿ ತೆಗೀಬೇಕು.

ತಕ್ಕಡಿಯಿಂದ ತೀವ್ರತೆ ಸಿಗತ್ತಾ?

ಸರಾಸರಿ ತೀವ್ರತೆ ಮಾತ್ರ, ಪವರನ್ನ ಬೀಮ್‌ನ ವಿಸ್ತೀರ್ಣದಿಂದ ಭಾಗಿಸಿ. ಶಿಖರ ಎಲ್ಲಿದೆ ಎಷ್ಟಿದೆ ಅಂತ ತಕ್ಕಡಿಗೆ ಗೊತ್ತಾಗಲ್ಲ, ಅದು ಹೈಡ್ರೋಫೋನ್ ಕೆಲಸ.

ಜೋರು ಪಲ್ಸ್‌ಗಳ ಆಕಾರ ನೀರಲ್ಲಿ ಕೆಡತ್ತೆ ಅಂತಾರಲ್ಲ?

ಹೌದು. ಒತ್ತಡ ಜಾಸ್ತಿ ಇದ್ರೆ ಅಲೆಯ ಮೇಲಿನ ಭಾಗ ಕೆಳಗಿನ ಭಾಗಕ್ಕಿಂತ ಸ್ವಲ್ಪ ವೇಗವಾಗಿ ಓಡಿ, ದೂರ ಹೋದಂಗೆ ಮುಂಭಾಗ ಕಡಿದಾಗಿ ಗೋಡೆ ಥರ ಆಗತ್ತೆ, ಧನ ಒತ್ತಡ ಚೂಪಾಗಿ ಏರಿ ಋಣ ಒತ್ತಡ ಚಪ್ಪಟೆ ಆಗತ್ತೆ, ಹೊಸ ಹೊಸ ಹಾರ್ಮೋನಿಕ್ (ಮೂಲದ ಎರಡು ಪಟ್ಟು, ಮೂರು ಪಟ್ಟು ಫ್ರೀಕ್ವೆನ್ಸಿಗಳು) ಹುಟ್ಕೊಳ್ತವೆ. ಹೈಡ್ರೋಫೋನ್‌ಗೆ 3 ಮೆಗಾಹರ್ಟ್ಸ್ ಮಾತ್ರ ಕೇಳಿಸಿದ್ರೆ ಸಾಲದು, ಅದರ ಹಲವು ಪಟ್ಟು ಫ್ರೀಕ್ವೆನ್ಸಿವರೆಗೂ ಕೇಳಿಸಬೇಕು. ಇನ್ನೊಂದು ತೊಡಕು, ಹೀಗೆ ಆಕಾರ ಕೆಟ್ಟಾಗ ಶಕ್ತಿಯ ಒಂದು ಪಾಲು ನೀರಲ್ಲೇ ಕಳೆದುಹೋಗತ್ತೆ, ನೀವು ಪ್ರೋಬ್‌ಗೆ ಎಷ್ಟು ಜಾಸ್ತಿ ಕೊಟ್ರೂ ಫೋಕಸ್‌ನಲ್ಲಿ ಒತ್ತಡ ಅದೇ ಪ್ರಮಾಣದಲ್ಲಿ ಏರಲ್ಲ. ಅಂಗಾಂಶದಲ್ಲಿ ಹೀರಿಕೆ ಇರೋದ್ರಿಂದ ಅಲ್ಲಿ ಇಷ್ಟು ಕೆಡಲ್ಲ. ಹಾಗಾಗಿ ಜೋರು ಸೆಟ್ಟಿಂಗ್‌ನ ನೀರಿನ ಅಳತೆಗೆ 0.3 ಕಳೆದು ದೇಹದ್ದು ಅಂದ್ರೆ ನಿಜಕ್ಕಿಂತ ಕಡಿಮೆ ಬರೋ ಅಪಾಯ ಇದೆ.

ಸ್ಕ್ರೀನ್ ಮೇಲಿರೋ ಟಿಐ, ಎಂಐ ನನ್ನ ದೇಹದಲ್ಲಿ ಅಳೆದಿದ್ದಾ?

ಅಲ್ಲ, ಅಲ್ಲವೇ ಅಲ್ಲ. ತಯಾರಕರು ಲ್ಯಾಬ್‌ನಲ್ಲಿ ನೀರೊಳಗೆ ಅಳೆದು ಮೆಷಿನ್‌ಗೆ ತುಂಬಿದ ಅಂಕಿಅಂಶಗಳಿಂದ, ಈಗಿನ ಸೆಟ್ಟಿಂಗ್‌ಗೆ ಇಷ್ಟಾಗಬಹುದು ಅಂತ ಮೆಷಿನ್ ಮಾಡೋ ಲೆಕ್ಕ ಅದು. ಪ್ರೋಬ್ ಒಳಗೆ ತೀವ್ರತೆ ಅಳೆಯೋ ಸೆನ್ಸರ್ ಇದೆ ಅಂತ ಎಷ್ಟೋ ಜನ ಅನುಭವಿಗಳೂ ಅಂದ್ಕೊಂಡಿದಾರೆ.

ಎಂಐ (ಮೆಕ್ಯಾನಿಕಲ್ ಇಂಡೆಕ್ಸ್, ಯಾಂತ್ರಿಕ ಪರಿಣಾಮದ ಸೂಚಿ) ಅಂದ್ರೆ ಡಿರೇಟ್ ಮಾಡಿದ ಋಣ ಒತ್ತಡವನ್ನ ಫ್ರೀಕ್ವೆನ್ಸಿಯ ವರ್ಗಮೂಲದಿಂದ ಭಾಗಿಸಿದ್ದು. ನಮ್ಮ ಉದಾಹರಣೆಯಲ್ಲಿ ಋಣ ಒತ್ತಡವೂ ಅಷ್ಟೇ ಅಂತ ಹಿಡಿದ್ರೆ 0.89 ಭಾಗಿಸು 1.73, ಸುಮಾರು 0.5. ಟಿಐ (ಥರ್ಮಲ್ ಇಂಡೆಕ್ಸ್, ಬಿಸಿಯ ಸೂಚಿ) ಅಂದ್ರೆ ಈಗ ಬಿಡ್ತಿರೋ ಪವರ್, ಒಂದು ಡಿಗ್ರಿ ಬಿಸಿ ಏರಿಸೋಕೆ ಬೇಕು ಅಂತ ಲೆಕ್ಕ ಹಾಕಿರೋ ಪವರ್‌ನ ಎಷ್ಟು ಪಟ್ಟು ಅನ್ನೋದು. ಟಿಐ 2 ಅಂದ್ರೆ ನಿಮ್ಮೊಳಗೆ ಎರಡು ಡಿಗ್ರಿ ಏರಿದೆ ಅಂತ ಅಲ್ಲ, ಏರೋ ಸಾಧ್ಯತೆಯ ಸೂಚನೆ ಅಷ್ಟೇ. ಮೆತ್ತನೆ ಅಂಗಾಂಶಕ್ಕೆ ಟಿಐಎಸ್, ಫೋಕಸ್‌ನಲ್ಲಿ ಮೂಳೆ ಇದ್ರೆ ಟಿಐಬಿ, ತಲೆಬುರುಡೆಗೆ ಅಂಟಿಕೊಂಡೇ ಪ್ರೋಬ್ ಇದ್ರೆ ಟಿಐಸಿ. ಮೂಳೆ ಶಬ್ದವನ್ನ ಗಬಗಬ ಹೀರೋದ್ರಿಂದ ಯಾವ ಟಿಐ ನೋಡ್ತಿದೀರಿ ಅನ್ನೋದು ಸಣ್ಣ ವಿಷಯ ಅಲ್ಲ.

ಮಿತಿ ಎಷ್ಟು?

ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಮಿತಿಯನ್ನೇ ಜಗತ್ತಿನ ಬಹುತೇಕ ತಯಾರಕರು ಪಾಲಿಸ್ತಾರೆ. ಡಿರೇಟ್ ಮಾಡಿದ ಐಎಸ್‌ಪಿಟಿಎ ಚದರ ಸೆಂಟಿಮೀಟರಿಗೆ 720 ಮಿಲಿವ್ಯಾಟ್ ದಾಟಬಾರದು, ಜೊತೆಗೆ ಎಂಐ 1.9 ದಾಟಬಾರದು ಇಲ್ಲಾ ಐಎಸ್‌ಪಿಪಿಎ 190 ವ್ಯಾಟ್ ದಾಟಬಾರದು. ಕಣ್ಣಿಗೆ ತುಂಬಾ ಕಟ್ಟುನಿಟ್ಟು, 50 ಮಿಲಿವ್ಯಾಟ್, ಎಂಐ 0.23.

ಇದರ ಹಿಂದಿನ ಕಥೆ ಗೊತ್ತಿರಬೇಕು. ಮೊದಲು ಭ್ರೂಣಕ್ಕೆ 94, ಹೃದಯಕ್ಕೆ 430, ಕೈಕಾಲಿನ ರಕ್ತನಾಳಕ್ಕೆ 720 ಅಂತ ಬೇರೆಬೇರೆ ಮಿತಿ ಇತ್ತು. ಅವು 1976ರಲ್ಲಿ ಅಮೆರಿಕದ ಕಾನೂನು ಬದಲಾಗೋ ಮುಂಚೆ ಮಾರುಕಟ್ಟೆಯಲ್ಲಿದ್ದ ಮೆಷಿನ್‌ಗಳ ಔಟ್‌ಪುಟ್ ಆಧಾರದ ಮೇಲೆ ಇಟ್ಟಿದ್ದು, ಇದಕ್ಕಿಂತ ಜಾಸ್ತಿ ಆದ್ರೆ ಹಾನಿ ಅಂತ ಪ್ರಯೋಗದಿಂದ ಕಂಡುಹಿಡಿದ ಗೆರೆ ಅಲ್ಲ. 1992ರಲ್ಲಿ ಔಟ್‌ಪುಟ್ ಡಿಸ್‌ಪ್ಲೇ ಸ್ಟ್ಯಾಂಡರ್ಡ್ ಬಂದಾಗ, ಸ್ಕ್ರೀನ್ ಮೇಲೆ ಟಿಐ ಎಂಐ ತೋರಿಸೋ ಮೆಷಿನ್‌ಗಳಿಗೆ ಭ್ರೂಣದ ಸ್ಕ್ಯಾನ್‌ನಲ್ಲೂ 720ರವರೆಗೆ ಹೋಗೋ ಅವಕಾಶ ಸಿಕ್ತು. ಅಂದ್ರೆ 94ರಿಂದ 720, ಏಳು ಪಟ್ಟಿಗೂ ಮೀರಿ. ನಂಬರ್ ತೋರಿಸ್ತೀವಿ, ನೋಡ್ಕೊಂಡು ಬಳಸೋದು ನಿಮ್ಮ ಜವಾಬ್ದಾರಿ ಅಂತ ಭಾರವನ್ನ ಆಪರೇಟರ್ ಮೇಲೆ ಹಾಕಿದಂಗಾಯ್ತು. ಹಾಗಿದ್ದ ಮೇಲೆ ಆ ಎರಡು ನಂಬರ್‌ಗಳ ಕಡೆ ಕಣ್ಣೇ ಹಾಯಿಸದೆ ಸ್ಕ್ಯಾನ್ ಮಾಡೋದು ಸರಿ ಅಲ್ಲ, ಇದನ್ನ ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ.

ಗೇನ್ ಜಾಸ್ತಿ ಮಾಡಿದ್ರೆ ತೀವ್ರತೆ ಜಾಸ್ತಿ ಆಗತ್ತಾ?

ಇಲ್ಲ. ಗೇನ್ ಅನ್ನೋದು ವಾಪಸ್ ಬಂದ ಪ್ರತಿಧ್ವನಿಯನ್ನ ಎಷ್ಟು ಹಿಗ್ಗಿಸಬೇಕು ಅನ್ನೋದು, ಒಳಗೆ ಹೋಗೋ ಶಬ್ದಕ್ಕೆ ಸಂಬಂಧ ಇಲ್ಲ. ಔಟ್‌ಪುಟ್ ಪವರ್ ಬಟನ್ ಬೇರೆ. ಚಿತ್ರ ಮಸುಕಾಗಿದ್ರೆ ಮೊದಲು ಗೇನ್, ಫೋಕಸ್, ಸರಿಯಾದ ಪ್ರೋಬ್, ಆಮೇಲೆ ಕೊನೆಗೆ ಪವರ್.

ಯಾವ ಮೋಡ್‌ನಲ್ಲಿ ತೀವ್ರತೆ ಜಾಸ್ತಿ?

ಸಾಮಾನ್ಯವಾಗಿ ರಕ್ತದ ಹರಿವು ನೋಡೋ ಪಲ್ಸ್ಡ್ ಡಾಪ್ಲರ್‌ನಲ್ಲಿ ಐಎಸ್‌ಪಿಟಿಎ ಎಲ್ಲಕ್ಕಿಂತ ಜಾಸ್ತಿ. ಬಿ ಮೋಡ್‌ನಲ್ಲಿ, ಅಂದ್ರೆ ಮಾಮೂಲಿ ಕಪ್ಪುಬಿಳುಪು ಚಿತ್ರದಲ್ಲಿ, ಬೀಮ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡ್ತಾ ಇರತ್ತೆ, ಒಂದೇ ಜಾಗಕ್ಕೆ ಸೆಕೆಂಡಿಗೆ ಕೆಲವೇ ಸಲ ಶಬ್ದ ಬೀಳತ್ತೆ. ಡಾಪ್ಲರ್‌ನಲ್ಲಿ ಬೀಮ್ ಒಂದೇ ಗೆರೆ ಮೇಲೆ ನಿಂತುಬಿಡತ್ತೆ, ಪಲ್ಸ್ ಉದ್ದ, ಸೆಕೆಂಡಿಗೆ ಸಾವಿರಾರು ಸಲ. ಕಲರ್ ಡಾಪ್ಲರ್ ನಡುವಿನದು, ಬಣ್ಣ ತೋರಿಸೋ ಬಾಕ್ಸ್ ಚಿಕ್ಕದು ಮಾಡಿದಷ್ಟೂ ಅಷ್ಟೇ ಶಬ್ದ ಕಡಿಮೆ ಜಾಗಕ್ಕೆ ಸೇರಿ ತೀವ್ರತೆ ಏರಬಹುದು.

ಗರ್ಭಿಣಿಯರಿಗೆ ಯಾವ ನಂಬರ್ ನೋಡ್ಬೇಕು?

ಬ್ರಿಟನ್ನಿನ ಬಿಎಂಯುಎಸ್ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿದೆ. ಮೊದಲ ಹತ್ತು ವಾರ ಟಿಐಎಸ್, ಆಮೇಲೆ ಟಿಐಬಿ ನೋಡಿ. 0.7ರ ಒಳಗಿದ್ರೆ ಸಮಯದ ಮಿತಿ ಹಾಕಿಲ್ಲ, ಆದ್ರೂ ಬೇಕಾದಷ್ಟೇ ಹೊತ್ತು. 0.7ರಿಂದ 1.0 ಇದ್ರೆ 60 ನಿಮಿಷ, 1.5ರವರೆಗೆ 30, 2.0ರವರೆಗೆ 15, 2.5ರವರೆಗೆ 4, 3.0ರವರೆಗೆ 1 ನಿಮಿಷ, 3 ದಾಟಿದ್ರೆ ಭ್ರೂಣಕ್ಕೆ ಬೇಡವೇ ಬೇಡ. ಬಿಸಿ ಏರಿದಂಗೆ ಸಮಯ ಎಷ್ಟು ಬೇಗ ಕುಗ್ಗತ್ತೆ ನೋಡಿ. ವೈದ್ಯರು ಹೇಳಿದ ಮಾಮೂಲಿ ಸ್ಕ್ಯಾನ್ ಬಗ್ಗೆ ಹೆದರಬೇಕಾಗಿಲ್ಲ, ಅದನ್ನ ತಪ್ಪಿಸಿಕೊಳ್ಳೋದ್ರಿಂದಲೇ ತೊಂದರೆ ಜಾಸ್ತಿ. ವೈದ್ಯಕೀಯ ಕಾರಣ ಇಲ್ಲದೆ ಬರೀ ನೆನಪಿಗೆ ವಿಡಿಯೋ ಬೇಕು ಅಂತ ಗಂಟೆಗಟ್ಟಲೆ ಮಾಡಿಸೋದು ಮಾತ್ರ ಬೇಡ.

ಮೊಬೈಲ್ ಆ್ಯಪ್‌ನಿಂದ ಅಳೀಬಹುದಾ?

ಆಗಲ್ಲ. ಮೊಬೈಲ್ ಮೈಕ್ ಕೇಳೋದು ಕಿಲೋಹರ್ಟ್ಸ್‌ನಲ್ಲಿ, ಇದು ಮೆಗಾಹರ್ಟ್ಸ್. ಅದೂ ಅಲ್ಲದೆ ಗಾಳಿ ಸಿಕ್ಕಿದ ತಕ್ಷಣ 99.9 ಪರ್ಸೆಂಟ್‌ಗಿಂತ ಜಾಸ್ತಿ ಶಬ್ದ ವಾಪಸ್ ಹೋಗತ್ತೆ, ಜೆಲ್ ಹಚ್ಚೋದೇ ಅದಕ್ಕೆ.

ಫಿಸಿಯೋಥೆರಪಿ ಮೆಷಿನ್‌ನ ಅಳತೆ ಬೇರೆನಾ?

ಬೇರೆ. ಅಲ್ಲಿ ಶಬ್ದ ಹೆಚ್ಚುಕಡಿಮೆ ನಿರಂತರ, ಬಿಸಿ ಮಾಡೋದೇ ಎಷ್ಟೋ ಸಲ ಉದ್ದೇಶ, ಚದರ ಸೆಂಟಿಮೀಟರಿಗೆ ಮಿಲಿವ್ಯಾಟ್ ಅಲ್ಲ ವ್ಯಾಟ್, ಮಿತಿ 3 ವ್ಯಾಟ್. ಇಲ್ಲಿ ತಕ್ಕಡಿಯೇ ರಾಜ. ಹೆಡ್‌ನಲ್ಲಿ ನಿಜವಾಗಿ ಶಬ್ದ ಹೊರಡೋ ವಿಸ್ತೀರ್ಣ, ಅಂದ್ರೆ ಇಆರ್‌ಎ, 4 ಚದರ ಸೆಂಟಿಮೀಟರ್ ಅಂತ ಇಟ್ಕೊಳ್ಳಿ, ನೀವು 1.5 ವ್ಯಾಟ್ ಸೆಟ್ ಮಾಡಿದ್ರಿ, ಒಟ್ಟು 6 ವ್ಯಾಟ್ ಬರಬೇಕು, ತಕ್ಕಡಿ ಸುಮಾರು 0.41 ಗ್ರಾಂ ತೋರಿಸಬೇಕು. 0.30 ಗ್ರಾಂ ಅಂದ್ರೆ ಬರ್ತಿರೋದು 4.4 ವ್ಯಾಟ್ ಕೂಡ ಇಲ್ಲ, 27 ಪರ್ಸೆಂಟ್ ಕಡಿಮೆ, ಎಫ್‌ಡಿಎ ನಿಯಮದ 20 ಪರ್ಸೆಂಟ್ ಗಡಿಯ ಹೊರಗೆ. ಅಂಥ ಮೆಷಿನ್‌ನಲ್ಲಿ ರೋಗಿಗೆ ಎಷ್ಟು ದಿನ ಚಿಕಿತ್ಸೆ ಕೊಟ್ರೂ "ಗುಣ ಕಾಣ್ತಿಲ್ಲ" ಅಂದ್ರೆ ತಪ್ಪು ರೋಗಿಯದ್ದೂ ಅಲ್ಲ ಥೆರಪಿಸ್ಟ್‌ದೂ ಅಲ್ಲ. ಜಾಸ್ತಿ ಕೊಡ್ತಿದ್ರೆ ಇನ್ನೂ ಕಷ್ಟ, ಸುಟ್ಟ ಗಾಯ ಆಗಬಹುದು.

ಬಿಎನ್‌ಆರ್ ಅಂತ ಇನ್ನೊಂದಿದೆ, ಬೀಮ್‌ನಲ್ಲಿ ತೀವ್ರತೆ ಅತಿ ಹೆಚ್ಚಿರೋ ಚುಕ್ಕೆ ಸರಾಸರಿಯ ಎಷ್ಟು ಪಟ್ಟು ಅನ್ನೋದು, 8ಕ್ಕಿಂತ ಜಾಸ್ತಿ ಇರಬಾರದು. ಸರಾಸರಿ 1 ವ್ಯಾಟ್, ಬಿಎನ್‌ಆರ್ 6 ಅಂದ್ರೆ ಎಲ್ಲೋ ಒಂದು ಚುಕ್ಕೆಯಲ್ಲಿ 6 ವ್ಯಾಟ್ ಇದೆ. ಹೆಡ್ಡನ್ನ ಒಂದೇ ಕಡೆ ಹಿಡಿಯದೆ ಆಡಿಸ್ತಾ ಇರಿ ಅನ್ನೋದು ಅದಕ್ಕೇ.

ಹೆಡ್ ಮೇಲೆ ನೀರು ಹಾಕಿ ನೀರು ಕುಣಿದ್ರೆ ಮೆಷಿನ್ ಸರಿ ಇದೆ ಅಂತಾರೆ, ನಿಜಾನಾ?

ಏನೋ ಒಂದಿಷ್ಟು ಶಬ್ದ ಬರ್ತಿದೆ ಅಂತ ಮಾತ್ರ ಗೊತ್ತಾಗತ್ತೆ. 0.5 ಬರ್ತಿದೆಯೋ 2 ಬರ್ತಿದೆಯೋ ನೀರು ಹೇಳಲ್ಲ. ಹೆಡ್ಡನ್ನ ಗಾಳಿಯಲ್ಲಿ ಹಿಡಿದು ಆನ್ ಇಟ್ರೆ ಅದೇ ಬಿಸಿಯಾಗಿ ಹಾಳಾಗೋದೂ ಉಂಟು.

ಸ್ಕ್ಯಾನ್ ಮಾಡೋವಾಗ ಪ್ರೋಬ್ ಬೆಚ್ಚಗಾದ್ರೆ ತೀವ್ರತೆ ಜಾಸ್ತಿ ಆಗಿದೆ ಅಂತಾನಾ?

ಹಂಗೇ ಹೇಳೋಕಾಗಲ್ಲ, ಕರೆಂಟ್‌ನ ಒಂದು ಪಾಲು ಪ್ರೋಬ್ ಒಳಗೇ ಶಾಖ ಆಗತ್ತೆ. ಸ್ಟ್ಯಾಂಡರ್ಡ್ ಪ್ರಕಾರ ಪ್ರೋಬ್ ಮುಖ ಅಂಗಾಂಶದಂಥ ವಸ್ತುವಿಗೆ ತಾಗಿದಾಗ 43 ಡಿಗ್ರಿ, ಬರೀ ಗಾಳಿಯಲ್ಲಿ 50 ಡಿಗ್ರಿ ದಾಟಬಾರದು. ಒಳಗಿಂದ ಮಾಡೋ ಸ್ಕ್ಯಾನ್‌ನಲ್ಲಿ, ಪ್ರೋಬ್ ಅಂಗಾಂಶಕ್ಕೆ ಹತ್ರವೇ ಇರೋದ್ರಿಂದ, ಈ ಶಾಖವನ್ನೂ ಲೆಕ್ಕಕ್ಕೆ ತಗೋಬೇಕು, ಟಿಐ ಇದನ್ನ ಸೇರಿಸಿಕೊಂಡಿರಲ್ಲ.

ಔಟ್‌ಪುಟ್ ರಿಪೋರ್ಟ್ ಕೈಗೆ ಬಂದ್ರೆ ಮೊದಲು ಏನು ನೋಡ್ಲಿ?

ಯಾವ ಪ್ರೋಬ್, ಯಾವ ಮೋಡ್, ಯಾವ ಸೆಟ್ಟಿಂಗ್ ಅಂತ ಮೊದಲು. ಆಮೇಲೆ ತೀವ್ರತೆಯ ಪೂರ್ತಿ ಹೆಸರು, ಡಿರೇಟ್ ಮಾಡಿದ್ದೋ ನೀರಿನದ್ದೋ. ಹೈಡ್ರೋಫೋನ್‌ನ ಅಗಲ, ಅದರ ಕ್ಯಾಲಿಬ್ರೇಷನ್ ತಾರೀಕು, ನೀರಿನ ಟೆಂಪರೇಚರ್, ಅನಿಶ್ಚಿತತೆ. ಮೆಷಿನ್ ಜೊತೆ ಬರೋ ದಪ್ಪ ಮ್ಯಾನುಯಲ್‌ನ ಹಿಂದಿನ ಪುಟಗಳಲ್ಲಿ ಅಕೌಸ್ಟಿಕ್ ಔಟ್‌ಪುಟ್ ಟೇಬಲ್ ಅಂತ ಪ್ರತಿ ಪ್ರೋಬ್‌ಗೂ ಒಂದಿರತ್ತೆ, ನಿಮ್ಮ ರಿಪೋರ್ಟ್‌ನ ನಂಬರನ್ನ ಅದೇ ಪ್ರೋಬ್ ಅದೇ ಮೋಡ್‌ನ ಸಾಲಿನ ಜೊತೆ ಇಟ್ಟು ನೋಡಿ. ಟೇಬಲ್‌ನಲ್ಲಿರೋದು ಸಾಮಾನ್ಯವಾಗಿ ಅತಿ ಹೆಚ್ಚಿನ ಔಟ್‌ಪುಟ್ ಬರೋ ಸೆಟ್ಟಿಂಗ್‌ದು, ನಿಮ್ಮದು ಅದಕ್ಕಿಂತ ಕಡಿಮೆ ಇರೋದು ಸಹಜ, ಜಾಸ್ತಿ ಬಂದ್ರೆ ಮೊದಲು ಅಳತೆಯನ್ನ ಇನ್ನೊಂದ್ಸಲ ಮಾಡಿಸಿ, ಮತ್ತೆ ಅಷ್ಟೇ ಬಂದ್ರೆ ಆ ಪ್ರೋಬನ್ನ ಪಕ್ಕಕ್ಕಿಟ್ಟು ತಯಾರಕರಿಗೆ ಬರೀರಿ.